ಮೆತ್ತಗಾದ ಗ್ಲೌಸ್

ಮಾರ್ಚ್ 3, ಸೋಮವಾರ

ಇದು ನಮ್ಮ ಯಜಮಾನರ ಡೈರಿ. ಜನವರಿ ಹದಿನೇಳರ ತನಕ ಅವರೇ ಬರೆದಿದ್ದಾರೆ. ಯಾವ ಕಟ್ಟಡದ ಲಿಫ್ಟಿಗೆ ಗ್ರೀಸ್ ಹಾಕಿದ್ದು, ಯಾವುದರ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತೆ, ಅಷ್ಟೇ. ಹದಿನೆಂಟಕ್ಕೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಿಕ್ಕ ಹಾಳೆಯೆಲ್ಲ ಖಾಲಿ. ಎಸೆಯೋಕೆ ಕೈ ಬರಲಿಲ್ಲ, ಅದಕ್ಕೆ ಬರೀತಿದ್ದೀನಿ. ನನ್ನ ಗೋಳು ನನಗೇ ಇರಲಿ.

ಮನೆಯಲ್ಲಿ ಈಗ ನಾನು ಮತ್ತು ಅವರ ಮಗಳು. ಅವರ ಮೊದಲ ಹೆಂಡತಿಯ ಮಗಳು, ಹದಿಮೂರು ವರ್ಷ. ನಾನು ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ಇವತ್ತಿಗೂ ನನ್ನನ್ನು ಏನಂತಲೂ ಕರೆದಿಲ್ಲ. "ಕೇಳಿಸ್ತಾ", "ಇಲ್ಲಿ ನೋಡಿ", ಅಷ್ಟರಲ್ಲೇ ದಿನ ದೂಡುತ್ತಾಳೆ. ನಾನೂ ಬಾ ಅಂದಿಲ್ಲ, ಹೋಗು ಅಂದಿಲ್ಲ. ಅವರಿದ್ದಾಗ ಅವರು ಮಧ್ಯೆ ಕೂತು ಇಬ್ಬರ ಜೊತೆಗೂ ಮಾತಾಡುತ್ತಿದ್ದರು, ಸರಿಹೋಗುತ್ತಿತ್ತು. ಈಗ ಊಟದ ಮೇಜಿನಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಇಲ್ಲ.

ಹೋದ ತಿಂಗಳು ನಾನೇ ಅವಳ ಸೋದರಮಾವನಿಗೆ ಫೋನ್ ಮಾಡಿದೆ. ನನ್ನ ಕೈಲಿ ಆಗಲ್ಲ, ಕರ್ಕೊಂಡು ಹೋಗಿ ಅಂದೆ. ಪಾಪ, ಮರುವಾರವೇ ಬಂದರು. ಕಾಗದ ತಂದಿದ್ದರು, ನನಗೆ ಅಭ್ಯಂತರ ಇಲ್ಲ ಅಂತ ಸಹಿ ಹಾಕಿಕೊಟ್ಟೆ. ಇನ್ನೇನು ಬ್ಯಾಗು ಕಟ್ಟಬೇಕು, ಆಗ ಹುಡುಗಿ ಬಾಯಿ ಬಿಟ್ಟಳು. ಇಪ್ಪತ್ತೆರಡನೇ ತಾರೀಕು ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ ಆಯ್ಕೆ ಇದೆಯಂತೆ, ಆಯ್ಕೆಯಾದವರಿಗೆ ವರ್ಷವಿಡೀ ಇಲ್ಲೇ ಅಭ್ಯಾಸವಂತೆ. ಮಾವ ಮೆದು ಮನಸ್ಸಿನವರು. ಆಯ್ಕೆಯಾದರೆ ಇನ್ನೊಂದು ವರ್ಷ ಇಲ್ಲೇ ಇರಲಿ, ಇಲ್ಲದಿದ್ದರೆ ಇಪ್ಪತ್ತೊಂಬತ್ತಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು. ನಾನು ತಲೆಯಾಡಿಸಿದೆ.

ಇನ್ನು ಇಪ್ಪತ್ತಾರು ದಿನ. ಹಲ್ಲು ಕಚ್ಚಿಕೊಂಡು ಕಳೆದರಾಯಿತು.

ಮಾರ್ಚ್ 6, ಗುರುವಾರ

ಕೋಚ್ ಚೀಟಿ ಕಳಿಸಿದ್ದಾರೆ. ಹುಡುಗಿಯ ಕೈ ಬೆಳೆದಿದೆ, ಹಳೇ ಗ್ಲೌಸ್ ಸಾಲದು, ಹೊಸದು ಬೇಕು ಅಂತ. ಚೀಟಿಯನ್ನು ಕೈಗೆ ಕೊಡದೆ ಟೀ ಡಬ್ಬದ ಕೆಳಗೆ ಇಟ್ಟು ಹೋಗಿದ್ದಾಳೆ. ಅಷ್ಟು ಬಿಗುಮಾನ.

ಹಳೇದನ್ನು ತಿರುಗಿಸಿ ನೋಡಿದೆ. ಅಂಗೈಯಲ್ಲಿ ತೊಗಲು ಹಾಳೆಯ ಹಾಗೆ ಸವೆದಿದೆ, ಕಿರುಬೆರಳ ಹತ್ತಿರ ದಾರ ಕಿತ್ತಿದೆ. ಹದಿನೆಂಟು ವರ್ಷದಿಂದ ಗ್ಲೌಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವವಳ ಮನೆಯಲ್ಲಿ ಇಂಥ ಗ್ಲೌಸ್ ಇತ್ತು ಅಂದರೆ ಯಾರಾದರೂ ನಗುತ್ತಾರೆ. ನಾವು ಮಾಡೋದು ವೆಲ್ಡಿಂಗ್‌ನವರಿಗೆ, ತೋಟದ ಕೆಲಸದವರಿಗೆ. ಆದರೂ ಕೈ ಕೈಯೇ, ತೊಗಲು ತೊಗಲೇ.

ಶನಿವಾರ ಅಂಗಡಿಗೆ ಹೋಗೋಣ ಅಂದೆ. "ನೀವು ಬರೋದೇನೂ ಬೇಕಾಗಿಲ್ಲ" ಅಂದಳು. ಗ್ಲೌಸ್ ವಿಷಯದಲ್ಲಿ ನಾನು ಬರಬೇಕಾಗಿಲ್ಲವಂತೆ! ಮೈಯೆಲ್ಲ ಉರಿಯಿತು.

ಮಾರ್ಚ್ 8, ಶನಿವಾರ

ಹೋಗಿ ಬಂದೆವು. ಆಟದ ಸಾಮಾನಿನ ಅಂಗಡಿ, ಉದ್ದಕ್ಕೆ ಓಣಿಯ ಹಾಗೆ. ಅಂಗಡಿಯವರು ವಯಸ್ಸಾದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಹುಡುಕುತ್ತಿರುತ್ತಾರೆ. ಗ್ಲೌಸ್ ತೆಗೆದು ಮುಂದಿಟ್ಟರು. ನಾನು ಇನ್ನೊಂದು ಎಲ್ಲಿ ಅಂದೆ. ಹುಡುಗಿ ತಲೆ ತಗ್ಗಿಸಿದಳು. ಒಂದೇ ಕೈಗೆ ಹಾಕೋದಂತೆ, ಎಡಗೈಲಿ ಹಿಡಿದು ಬಲಗೈಲಿ ಎಸೆಯೋದಂತೆ. ನನಗೆಲ್ಲಿ ಗೊತ್ತಿರಬೇಕು? ಮನೆಯಲ್ಲಿರೋ ಹಳೇದರ ಜೋಡಿ ಕಳೆದುಹೋಗಿದೆ ಅಂದುಕೊಂಡಿದ್ದೆ. ನಮ್ಮಲ್ಲಿ ಒಂಟಿ ಗ್ಲೌಸ್ ಬಂದರೆ ಮೇಸ್ತ್ರಿ ಕೆನ್ನೆಗೆ ಹೊಡೆದ ಹಾಗೆ ಮಾತಾಡುತ್ತಾನೆ.

ನಾನೂ ಬಿಡಲಿಲ್ಲ. ಒಂದೊಂದನ್ನೇ ಮೂಸಿ ನೋಡಿದೆ, ಹೊಲಿಗೆ ಎಣಿಸಿದೆ, ಬೆರಳ ಸಂದಿಯನ್ನು ಒಳಮುಖ ಮಾಡಿ ನೋಡಿದೆ. ಒಂದು ಸಿಕ್ಕಿತು, ಬೆಣ್ಣೆಯ ಹಾಗಿತ್ತು. ಕೈ ಹಾಕಿದರೆ ಹಾಕಿದ್ದೇ ಗೊತ್ತಾಗಲ್ಲ. ಇದೇ ಇರಲಿ ಅಂದೆ. ಅಂಗಡಿಯವರು ನಕ್ಕರು. ಅದನ್ನು ತೆಗೆದುಕೊಂಡು ಒಳಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು, ಪಾಪ, ಅದು ಮುದುರಿ ಕೂತಿತು. ಇದಕ್ಕೆ ಬೆನ್ನುಮೂಳೆ ಇಲ್ಲಮ್ಮ, ಬರೋ ಚೆಂಡು ಕಲ್ಲಿನ ಥರ ಬರುತ್ತೆ, ಬೆರಳು ಹಿಂದಕ್ಕೆ ಮಡಚಿ ಹೋಗುತ್ತೆ ಅಂದರು. ಆಮೇಲೆ ಇನ್ನೊಂದು ಕೊಟ್ಟರು. ಹಲಗೆ! ಎರಡು ಕೈ ಹಾಕಿ ಒತ್ತಿದರೂ ಮುಚ್ಚಲಿಲ್ಲ. ಒಳ್ಳೇ ಗ್ಲೌಸ್ ಮೊದಲ ತಿಂಗಳು ನಿಮ್ಮ ಮಾತು ಕೇಳಬಾರದು ಅಂದರು. ದಿನಾ ಚೆಂಡು ಹಿಡಿದು ಹಿಡಿದು ಅದು ಅವಳ ಕೈಯನ್ನು ಕಲಿತುಕೊಳ್ಳಬೇಕಂತೆ.

ಹುಡುಗಿ ಅದನ್ನೇ ಹಿಡಿದುಕೊಂಡಳು. ತೋರುಬೆರಳು ಹೊರಗೆ ಬಿಟ್ಟು, ಮಣಿಕಟ್ಟಿನ ಪಟ್ಟಿ ಎಳೆದು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು. ಅವಳ ಮುಖದಲ್ಲಿ ಅಂಥದ್ದು ನಾನು ಜನವರಿಯಿಂದ ನೋಡಿರಲಿಲ್ಲ. ಸರಿ, ಕಟ್ಟಿಕೊಡಿ ಅಂದೆ.

ಹೊರಡುವಾಗ ಅಂಗಡಿಯವರು ನನ್ನನ್ನೇ ನೋಡಿ, ಎಣ್ಣೆಯಲ್ಲಿ ನೆನೆಸಬೇಡಿ, ಬಿಸಿ ತೋರಿಸಬೇಡಿ ಅಂದರು. ತೊಗಲಿನ ವಿಷಯ ನನಗೇ ಹೇಳಿಕೊಡುತ್ತಾರೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಮಾರ್ಚ್ 11, ಮಂಗಳವಾರ

ತಲೆನೋವು. ಹುಡುಗಿ ಸಂಜೆಯೆಲ್ಲ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಢಬ್, ಢಬ್. ಬೈಯೋಣ ಅಂತ ಹೋದೆ, ಬೈಯಲಿಲ್ಲ.

ಮಾರ್ಚ್ 13, ಗುರುವಾರ

ಗೋಡೆ ಸಾಲದಂತೆ, ಎಸೆಯೋಕೆ ಜನ ಬೇಕಂತೆ. ಅವರಿದ್ದಾಗ ಅವರು ಎಸೆಯುತ್ತಿದ್ದರು. ನಾನು ಎಸೀತೀನಿ ಅಂದುಬಿಟ್ಟೆ. ಕಾರ್ಖಾನೆಯಿಂದ ತಂದಿದ್ದ ವೆಲ್ಡಿಂಗ್ ಗ್ಲೌಸ್ ಎರಡೂ ಕೈಗೆ ಏರಿಸಿ, ಮೊಣಕೈ ತನಕ, ಮನೆ ಹಿಂದಿನ ಓಣಿಯಲ್ಲಿ ನಿಂತೆ. ಮೊದಲನೇದು ಪಕ್ಕದ ಮನೆಯ ಛಾವಣಿಗೆ ಹೋಯಿತು. ಎರಡನೇದು ನನ್ನ ಕಾಲ ಮೇಲೇ ಬಿತ್ತು. ಹುಡುಗಿ ನಗು ತಡೆಯೋಕೆ ಹೋಗಿ ಕೆಮ್ಮಿದಳು. ನಗೋದಾದರೆ ನಗು, ನನಗೇನು ಅಂದೆ. ಆಮೇಲೆ ನಕ್ಕಳು ನೋಡಿ, ಅವರದ್ದೇ ನಗು. ನಾನು ಗ್ಲೌಸ್ ಸರಿಮಾಡಿಕೊಳ್ಳೋ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ನಲವತ್ತು ಎಸೆದೆ. ಈಗ ಭುಜ ಎತ್ತೋಕೆ ಆಗುತ್ತಿಲ್ಲ.

ಮಾರ್ಚ್ 14, ಶುಕ್ರವಾರ

ಅರವತ್ತು.

ಮಾರ್ಚ್ 16, ಭಾನುವಾರ

ಗ್ಲೌಸ್ ಇನ್ನೂ ಹಲಗೆಯೇ. ಚೆಂಡು ಬಂದು ಬಡಿದು ಹೊರಗೆ ಹಾರುತ್ತೆ, ಮುಚ್ಚೋಷ್ಟರಲ್ಲಿ ನೆಲದ ಮೇಲೆ. ಕಡ್ಡಿ ಇವತ್ತು ಅದನ್ನು ನೆಲಕ್ಕೆ ಬಿಸಾಕಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅವರು ಅವಳನ್ನು ಕಡ್ಡಿ ಅಂತಿದ್ದರು, ಸಣ್ಣಗೆ ಉದ್ದಕ್ಕೆ ಇದ್ದಾಳಲ್ಲ ಅಂತ. ಆರು ದಿನದಲ್ಲಿ ಇದು ಆಗಲ್ಲ, ತಿಂಗಳು ಬೇಕು ಅಂತ ಬಿಕ್ಕುತ್ತಾ ಹೇಳಿದಳು.

ಪಕ್ಕದಲ್ಲಿ ಕೂತೆ. ನನಗೆ ಗೊತ್ತಿರೋದು ಒಂದೇ ವಿದ್ಯೆ. "ನನ್ನ ಕೈಗೆ ಕೊಡು. ಎಂಥೆಂಥ ಒರಟು ತೊಗಲನ್ನೋ ಹದಕ್ಕೆ ತಂದಿದೀನಿ" ಅಂದೆ.

"ಅಂಗಡಿಯವರು ಬೇಡ ಅಂದಿದ್ರಲ್ಲ" ಅಂದಳು.

"ಅವರು ಮಾರೋರು. ನಾನು ಮಾಡೋಳು" ಅಂದೆ. ಕಣ್ಣು ಒರೆಸಿಕೊಂಡು ಕೊಟ್ಟಳು.

ಮಾರ್ಚ್ 18, ಮಂಗಳವಾರ

ಆಯಿತು! ಎರಡು ದಿನ ಊಟದ ಹೊತ್ತನ್ನೆಲ್ಲ ಅದಕ್ಕೇ ಹಾಕಿದೆ, ಇವತ್ತು ಮಧ್ಯಾಹ್ನ ರಜೆಯನ್ನೂ ಹಾಕಿದೆ. ಕಾರ್ಖಾನೆಯ ನಮ್ಮ ಮೇಜಿನ ಮೇಲೆ ಗ್ಲೌಸ್ ಅಚ್ಚಿನ ಹಿತ್ತಾಳೆ ಕೈಗಳು ಸಾಲಾಗಿ ನಿಂತಿರುತ್ತವೆ, ಒಳಗೆ ಹಬೆ ಓಡುತ್ತಿರುತ್ತೆ. ಹೊಲಿದ ಗ್ಲೌಸನ್ನು ಅದರ ಮೇಲೆ ಎಳೆದರೆ ಗಳಿಗೆಯಲ್ಲಿ ಒರಟೆಲ್ಲ ಇಳಿಯುತ್ತೆ. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಕೈ ಆರಿಸಿಕೊಂಡೆ. ಮೊದಲು ಬೆಚ್ಚಗಿನ ಎಣ್ಣೆ ಕುಡಿಸಿದೆ, ಎಷ್ಟು ಕುಡಿಯಿತೋ ಅಷ್ಟೂ. ಆಮೇಲೆ ಹಬೆ. ಆಮೇಲೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ, ಮತ್ತೆ ಎಣ್ಣೆ, ಮತ್ತೆ ಹಬೆ. ನನ್ನ ಪಕ್ಕ ಕೂರೋಳನ್ನು ನಾವೆಲ್ಲ ರೇಡಿಯೋ ಅಂತೀವಿ, ಬೆಳಗಿಂದ ಸಂಜೆ ತನಕ ಬಾಯಿ ನಿಲ್ಲಲ್ಲ. ಅವಳೂ ಮುಟ್ಟಿ ನೋಡಿ ಮಾತು ನಿಲ್ಲಿಸಿದಳು. ಮಗುವಿನ ಕೆನ್ನೆ ಥರ ಇದೆ ಕಣೇ ಅಂದಳು. ಮೇಸ್ತ್ರಿಯೂ ಬಂದು ನೋಡಿ ಹೋದ. ಹೆಮ್ಮೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮನೆಗೆ ಬಂದು ಕೊಟ್ಟೆ. ಕಡ್ಡಿ ಕೈ ಹಾಕಿದಳು. ಬೆರಳು ಆಡಿಸಿದರೆ ಸಾಕು, ಮುಚ್ಚಿಕೊಳ್ಳುತ್ತೆ. ಒಂದು ಸಲ ಮುಚ್ಚಿದಳು, ತೆರೆದಳು, ಬೆರಳುಗಳ ತುದಿಯನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಬಗ್ಗಿಸಿ ನೋಡಿದಳು. ಎಷ್ಟೋ ಹೊತ್ತು ನೋಡುತ್ತಲೇ ಇದ್ದಳು.

"ಹೇಗಿದೆ?" ಅಂದೆ.

"ತುಂಬಾ ಮೆತ್ತಗಿದೆ" ಅಂದಳು. ಆಮೇಲೆ ನನ್ನ ಕೈ ನೋಡಿ, "ಸುಟ್ಕೊಂಡಿದೀಯಲ್ಲ" ಅಂತ ಮುಲಾಮು ಹುಡುಕಿ ತಂದು ಹಚ್ಚಿದಳು.

ಸುಟ್ಟಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಖುಷಿಗೆ ಹಸಿವೂ ಆಗಲಿಲ್ಲ.

ಮಾರ್ಚ್ 20, ಗುರುವಾರ

ಓಣಿಯಲ್ಲಿ ಎಸೆಯೋಣ ಬಾ ಅಂದರೆ ಸುಸ್ತಾಗಿದೆ ಅಂದಳು. ನಿನ್ನೆಯೂ ಹಾಗೇ ಅಂದಳು. ಆಯ್ಕೆಗೆ ಮುಂಚೆ ಮೈಗೆ ವಿಶ್ರಾಂತಿ ಒಳ್ಳೇದೇ ಇರಬೇಕು.

ಇಲ್ಲೇ ಇದ್ದರೆ ಜೂನ್‌ನಲ್ಲಿ ಅವಳಿಗೆ ಬೂಟು ಬೇಕಾಗುತ್ತೆ. ಕೋಣೆಯ ಕಿಟಕಿ ಸರಿಯಾಗಿ ಮುಚ್ಚಲ್ಲ, ಬಡಗಿಗೆ ಹೇಳಬೇಕು.

ಮಾರ್ಚ್ 22, ಶನಿವಾರ

ಆಗಲಿಲ್ಲ.

ಮಾರ್ಚ್ 23, ಭಾನುವಾರ

ನಿನ್ನೆ ಬರೆಯೋಕೆ ಆಗಲಿಲ್ಲ. ಮೈದಾನದ ಪಕ್ಕ ಸಿಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದೆ, ರೇಡಿಯೋ ಕೂಡ ಬಂದಿದ್ದಳು. ಎಸೆಯೋದರಲ್ಲಿ ಕಡ್ಡಿಯನ್ನು ಮೀರಿಸೋರು ಇರಲಿಲ್ಲ. ಓಟದಲ್ಲಿ ಮೂರನೆಯವಳು. ಆಮೇಲೆ ಹಿಡಿಯೋದು. ಕೋಚ್ ದೊಣ್ಣೆಯಿಂದ ಚೆಂಡು ಬಾರಿಸುತ್ತಾರೆ, ಒಬ್ಬೊಬ್ಬರಿಗೆ ಆರು. ಮೊದಲನೇದು ನೆಟ್ಟಗೆ ಗ್ಲೌಸಿಗೇ ಬಂತು. ಬೆರಳುಗಳು ಹಿಂದಕ್ಕೆ ಮಡಚಿಕೊಂಡವು, ಚೆಂಡು ಹಾದು ಹಿಂದೆ ಹೋಯಿತು. ಎರಡನೇದೂ ಹಾಗೇ. ಕೋಚ್ ಅವಳ ಹತ್ತಿರ ಹೋಗಿ ಏನೋ ಮಾತಾಡಿ ಬಂದರು. ಮೂರನೇದು ಭುಜಕ್ಕೆ ಬಡಿಯಿತು. ಆರರಲ್ಲಿ ಹಿಡಿದಿದ್ದು ಒಂದು, ಅದೂ ಎರಡು ಕೈ ಸೇರಿಸಿ, ಹೊಟ್ಟೆಗೆ ಅಪ್ಪಿಕೊಂಡು.

ಹೆಸರು ಓದಿದರು. ಅವಳದು ಇರಲಿಲ್ಲ. ದಾರಿಯಲ್ಲಿ ಅವಳೇ ಹೇಳಿದಳು. "ಕೈ ಬೆವರ್ತಿತ್ತು. ಹೆದರಿಕೆ ಆಗ್ಬಿಡ್ತು." ಹೋಗಲಿ ಬಿಡು ಅಂದೆ. ಹೋಗಲಿ ಬಿಡು!

ಇವತ್ತು ಬೆಳಿಗ್ಗೆ ಅವಳು ಮಲಗಿದ್ದಾಗ ಗ್ಲೌಸ್ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ, ಜಗಳಕ್ಕೆ. ನನ್ನ ಮಗಳಿಗೆ ಎಂಥ ಮಾಲು ಕೊಟ್ಟಿದೀರ ನೋಡಿ ಅಂತ ಮೇಜಿನ ಮೇಲೆ ಬಿಸಾಕಿದೆ. ಅಂಗಡಿಯವರು ಕನ್ನಡಕ ಇಳಿಸಿ, ಮೂಸಿ, ಬೆರಳುಗಳನ್ನು ಎತ್ತಿ ಬಿಟ್ಟರು. ಒದ್ದೆ ಬಟ್ಟೆಯ ಹಾಗೆ ಜೋಲುಬಿದ್ದವು.

"ಇದಕ್ಕೆ ಹಬೆ ತೋರಿಸಿದ್ದು ಯಾರಮ್ಮ?" ಅಂದರು.

ನಾನು ಅಂತ ಹೇಳಿದೆ. ಅವರು ಬೈಯಲಿಲ್ಲ. ಒಳಗಿನ ಮೆತ್ತೆ ಕರಗಿ ಗಂಟಾಗಿದೆ, ಹೆಣೆದ ತೊಗಲ ದಾರ ಬೆಂದುಹೋಗಿದೆ, ಇನ್ನು ಇದಕ್ಕೆ ಜೀವ ಬರಲ್ಲ ಅಂದರು. ಮುಟ್ಟಿದ ತಕ್ಷಣ ಆಡೋರಿಗೆ ಗೊತ್ತಾಗುತ್ತೆ ಅಂತಲೂ ಅಂದರು.

ಮುಟ್ಟಿದ ತಕ್ಷಣ. ಹಾಗಾದರೆ ಮಂಗಳವಾರವೇ ಅವಳಿಗೆ ಗೊತ್ತಿತ್ತು. ನನ್ನ ಕೈಗೆ ಮುಲಾಮು ಹಚ್ಚುತ್ತಾ ಕೂತಿದ್ದಳಲ್ಲ, ಆಗಲೇ ಗೊತ್ತಿತ್ತು.

ಮಾರ್ಚ್ 24, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಆ ಹಿತ್ತಾಳೆ ಕೈಗಳ ಮುಂದೆ ಹೋಗಿ ನಿಲ್ಲೋಕೆ ಆಗಲ್ಲ.

ಮಾರ್ಚ್ 26, ಬುಧವಾರ

ಅಭ್ಯಾಸದ ಅಂಗಿ ವಾಪಸ್ ಕೊಡಬೇಕಿತ್ತು. ಕಡ್ಡಿ ಶಾಲೆಯಲ್ಲಿದ್ದಾಗ ನಾನೇ ತೆಗೆದುಕೊಂಡು ಹೋದೆ. ನಿಜ ಹೇಳಬೇಕಂದರೆ ಕೋಚ್ ಕಾಲು ಹಿಡಿಯೋಕೆ ಹೋಗಿದ್ದು. ತಪ್ಪು ನನ್ನದು ಸಾರ್, ಗ್ಲೌಸ್ ಹಾಳು ಮಾಡಿದ್ದು ನಾನು, ಇನ್ನೊಂದು ಅವಕಾಶ ಕೊಡಿ ಅಂದೆ. ಕೋಚ್ ಸುಣ್ಣದ ಗೆರೆ ಎಳೆಯುತ್ತಿದ್ದವರು ನಿಲ್ಲಿಸಿದರು. ಪಟ್ಟಿ ಮೇಲಕ್ಕೆ ಹೋಗಿಯಾಯಿತು, ಇನ್ನು ನನ್ನ ಕೈಯಲ್ಲಿಲ್ಲ ಅಂದರು. ಅವತ್ತೇ ಕೊಡೋಕೆ ನೋಡಿದೆ, ಅವಳೇ ಬೇಡ ಅಂದಳು ಅಂತಲೂ ಅಂದರು.

ನನಗೆ ಅರ್ಥವಾಗಲಿಲ್ಲ. ಎರಡನೇ ಚೆಂಡು ಬಿದ್ದಾಗಲೇ ಅವರು ಗ್ಲೌಸ್ ನೋಡಿದರಂತೆ. ಬೇರೆ ಹುಡುಗಿಯದನ್ನು ಇಸಿದುಕೊಡುತ್ತೇನೆ, ಮತ್ತೆ ಮೊದಲಿನಿಂದ ಆರು ಚೆಂಡು ಹಿಡಿ ಅಂದರಂತೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳಂತೆ.

"ಏನಂದಳು ಸಾರ್?" ಅಂದೆ.

"'ಬೇಡ ಸಾರ್, ಇದು ನಮ್ಮಮ್ಮ ಕೈ ಸುಟ್ಕೊಂಡು ಮಾಡಿದ್ದು. ಅಲ್ಲಿ ಕೂತು ನೋಡ್ತಿದಾಳೆ. ಬೇರೆ ಹಾಕ್ಕೊಂಡ್ರೆ ಅವಳಿಗೆ ಗೊತ್ತಾಗ್ಬಿಡುತ್ತೆ' ಅಂದ್ಳು."

ಇನ್ನೊಂದು ಸಲ ಹೇಳಿ ಅಂದೆ. ಕೇಳಿಸಲಿಲ್ಲ ಅಂದುಕೊಂಡು ಅವರು ಜೋರಾಗಿ ಹೇಳಿದರು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಇಲ್ಲಿ ಇರೋಕೆ ಅವಳಿಗೆ ಇದ್ದಿದ್ದು ಅದೊಂದೇ ದಾರಿ. ಆ ದಾರಿಯನ್ನು ನಾನು ಹಬೆಯಲ್ಲಿ ಬೇಯಿಸಿದೆ, ಮಿಕ್ಕಿದ್ದನ್ನು ಅವಳು ನನ್ನ ಮುಖ ಉಳಿಸೋಕೆ ಬಿಟ್ಟುಕೊಟ್ಟಳು. ದರಿದ್ರದವಳು ನಾನು. ನಾಲ್ಕು ವರ್ಷ ಆ ಮಗುವಿಗೆ ಒಂದು ಒಳ್ಳೇ ಮಾತಾಡಿದವಳಲ್ಲ.

ಮಾರ್ಚ್ 27, ಗುರುವಾರ

ಮಾವನಿಗೆ ಫೋನ್ ಮಾಡಿದೆ. ಇಲ್ಲೇ ಇರಲಿ ಬಿಡಿ ಅಣ್ಣ ಅಂದೆ. ನೋಡಮ್ಮ, ಅಲ್ಲಿ ಶಾಲೆಗೆ ಸೇರಿಸಿಯಾಗಿದೆ, ಅಜ್ಜಿ ಕಾಯ್ತಿದ್ದಾರೆ, ಕಾಗದಕ್ಕೆ ನೀವೇ ಸಹಿ ಹಾಕಿದ್ದೀರಿ, ಇವತ್ತು ಬೇಕು ನಾಳೆ ಬೇಡ ಅಂದರೆ ಹುಡುಗಿ ಎಲ್ಲಿಗೆ ಹೋಗಬೇಕು ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಜಗಳ ಆಡುತ್ತಿದ್ದೆ. ಕೊನೆಗೆ, ಅವಳೇ ಇರ್ತೀನಿ ಅಂದರೆ ನಾನು ಎಳ್ಕೊಂಡು ಹೋಗಲ್ಲ, ಅವಳನ್ನು ಕೇಳಿ ಅಂದರು.

ಕೇಳಬೇಕು. ಸಂಜೆ ಕೇಳೋಣ ಅಂತಿದ್ದೆ, ಅವಳು ಪುಸ್ತಕ ಜೋಡಿಸುತ್ತಿದ್ದಳು. ನಾಳೆ ಕೇಳುತ್ತೇನೆ.

ಮಾರ್ಚ್ 28, ಶುಕ್ರವಾರ

ಕೇಳಲಿಲ್ಲ. ಅವಳ ಮೂರು ಅಂಗಿಗೆ ಗುಂಡಿ ಹೊಲಿದೆ, ಕಾಲುಚೀಲಗಳನ್ನು ಜೋಡಿ ಮಾಡಿಟ್ಟೆ. ಎರಡು ಸಲ ಮಡಚಿದ್ದನ್ನೇ ಮತ್ತೆ ಮಡಚಿದೆ.

ಮಾರ್ಚ್ 29, ಶನಿವಾರ

ಮಾವ ಹತ್ತು ಗಂಟೆಗೆ ಬಂದರು. ಬಸ್ ನಿಲ್ದಾಣದ ತನಕ ನಾನೂ ಹೋದೆ. ಅವರು ಬ್ಯಾಗುಗಳನ್ನು ಬಸ್ಸಿನ ಹೊಟ್ಟೆಗೆ ತುಂಬಿಸೋಕೆ ಹೋದಾಗ ನಾವಿಬ್ಬರೇ ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಬೀಗ ಮಾರುತ್ತಿದ್ದ, ಕೂಗಿ ಕೂಗಿ ತಲೆ ತಿನ್ನುತ್ತಿದ್ದ. ಇನ್ನು ಹೇಳದಿದ್ದರೆ ಯಾವತ್ತೂ ಹೇಳಲ್ಲ ಅನ್ನಿಸಿತು.

"ಕಡ್ಡಿ, ಹೋಗ್ಬೇಡ. ನನ್ನ ಜೊತೆ ಇದ್ಬಿಡು" ಅಂದೆ.

ಅವಳು ನನ್ನನ್ನು ನೋಡಿದಳು. ಒಂದು ಗಳಿಗೆ ಅವಳ ಮುಖ ಅರಳಿದ ಹಾಗೆ ಕಂಡಿತು, ಅಥವಾ ನನಗೆ ಹಾಗೆ ಬೇಕಾಗಿತ್ತೋ ಏನೋ. ಆಮೇಲೆ ಕಣ್ಣು ತಗ್ಗಿಸಿದಳು.

"ಕೋಚ್ ಹೇಳ್ಬಿಟ್ರಾ?"

ನಾನು ಹೂಂ ಅಂದೆ. ಸುಳ್ಳು ಹೇಳಬೇಕಿತ್ತು. ಅಲ್ಲಿ ಒಂದು ಸುಳ್ಳು ಹೇಳೋ ಬುದ್ಧಿ ನನಗೆ ಬರಲಿಲ್ಲ.

"ಅದಕ್ಕೇ ಹೇಳ್ತಿದೀಯ ಅಲ್ವಾ" ಅಂದಳು. "ಗ್ಲೌಸಿಗೋಸ್ಕರ ನನ್ನ ಇಟ್ಕೋಬೇಡಮ್ಮ. ನನಗೇನೂ ಬೇಜಾರಿಲ್ಲ. ನಿಜವಾಗ್ಲೂ."

ನನ್ನ ಬೆನ್ನು ಸವರಿದಳು, ದೊಡ್ಡವರು ಚಿಕ್ಕವರಿಗೆ ಸಮಾಧಾನ ಮಾಡೋ ಹಾಗೆ. ಗ್ಲೌಸಿಗಲ್ಲ ಅಂದೆ. ಅಲ್ಲ, ಅಲ್ಲ, ಅಂತ ಎಷ್ಟು ಸಲ ಹೇಳಿದೆನೋ. ಅವಳು ಪ್ರತಿ ಸಲವೂ ತಲೆಯಾಡಿಸಿದಳು, ನನಗೆ ನೋವಾಗಬಾರದು ಅಂತ. ನಂಬಲಿಲ್ಲ. ಫೆಬ್ರವರಿಯಲ್ಲಿ ನಾನು ಸಹಿ ಹಾಕುವಾಗ ಊಟದ ಮೇಜಿನ ಆ ಕಡೆ ಕೂತು ನೋಡುತ್ತಿದ್ದವಳು, ಹೇಗೆ ನಂಬುತ್ತಾಳೆ?

ಮಾವ ಕರೆದರು, ಹತ್ತಿದಳು. ಕಿಟಕಿ ಪಕ್ಕದ ಸೀಟು. ಬಸ್ಸು ಹಿಂದಕ್ಕೆ ಬಂದು ತಿರುಗಿಕೊಳ್ಳೋ ತನಕ ನಾನು ಗಾಜಿನ ಪಕ್ಕದಲ್ಲೇ ನಡೆದೆ, ಗ್ಲೌಸಿಗಲ್ಲ ಕಣೇ ಅಂತ ಕೂಗಿದೆ. ಒಳಗೆ ಕೇಳಿಸಲಿಲ್ಲ ಅಂತ ಕಾಣುತ್ತೆ. ಅವಳು ನಗುತ್ತಾ ಪರವಾಗಿಲ್ಲ ಅಂತ ಕೈ ಮಾಡಿದಳು.